ಸಂಬಳವಿಲ್ಲದ ಅಂಚೆಯವರು

'ಮೇಲ್‌ಮ್ಯಾನ್' ಎಂಬುದು ಬೆಲೆಯಿಲ್ಲದೆ ದೊರೆಯುವ ಮುಕ್ತ ತಂತ್ರಾಂಶ. ಗುಂಪಿನ ವಿಳಾಸಕ್ಕೆ ಬಂದ ಒಂದು ಇ-ಮೇಲನ್ನು ಸದಸ್ಯರಿಗೆಲ್ಲ ಹಂಚುವುದು ಅದರ ಕೆಲಸ. ಅದನ್ನು ನಡೆಸಹೋಗಿ ತೊಡಕಿಗೆ ಸಿಕ್ಕವರಿಗೆ, ನನಗೆ ತಿಳಿದಷ್ಟು ಉತ್ತರ ಬರೆಯುವುದು ನನ್ನ ರಾತ್ರಿಯ ಹವ್ಯಾಸ.

ಒಮ್ಮೆ ಬರೆದು ಮುಗಿಸಿದ ತಂತ್ರಾಂಶಕ್ಕೆ ಆರೈಕೆಯೇಕೆಂದು ಮಿತ್ರರು ಕೇಳುವುದುಂಟು. 2014ರ ಏಪ್ರಿಲಿನಲ್ಲಿ ಯಾಹೂ ಸಂಸ್ಥೆ ಒಂದು ಕಟ್ಟಳೆ ಹೊರಡಿಸಿತು: ತನ್ನ ಬಳಕೆದಾರರ ಹೆಸರಿನಲ್ಲಿ ಬೇರೆಡೆಯಿಂದ ಬಂದ ಪತ್ರವನ್ನು ಯಾರೂ ಒಳಗೆ ಬಿಡಬಾರದು. ಮೋಸಗಾರರಿಗೆ ಹಾಕಿದ ಬೇಲಿಯೇನೋ ಸರಿ. ಆದರೆ ಮೇಲ್‌ಮ್ಯಾನ್ ಹಂಚುವ ಪತ್ರವೂ ಬರೆದವರ ಹೆಸರಿನಲ್ಲಿಯೇ ಹೋಗುತ್ತಿತ್ತಷ್ಟೆ! ಪತ್ರಗಳು ಹಿಂದಿರುಗಿದವು. ಸದಸ್ಯರ ವಿಳಾಸವೇ ಕೆಟ್ಟಿದೆಯೆಂದು ಬಗೆದ ತಂತ್ರಾಂಶವು ಏನೂ ಅರಿಯದವರಿಗೆ ಅಂಚೆ ನಿಲ್ಲಿಸಿತು. ಅದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಹೊರಗಿನ ಲೋಕ. ಆರೈಕೆಗಾರರು ಕಳುಹಿಸಿದವರ ಜಾಗದಲ್ಲಿ ಗುಂಪಿನ ವಿಳಾಸವನ್ನೇ ಹಾಕುವ ಏರ್ಪಾಡು ಮಾಡಿಕೊಟ್ಟರು.

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದನ್ನೆಲ್ಲ ವಿವರಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಎಷ್ಟು ಕೊಡ್ತಾರೆ ಮಗ?" ಏನೂ ಇಲ್ಲವೆಂದೆ. ಅವಳು ನಕ್ಕು ದೀಪದ ಕಡೆ ನೋಡಿದಳು. ಕರೆಂಟಿನ ಬಿಲ್ಲು ಅವಳ ಪಾಲಿನದು.

2015ರಲ್ಲಿ ಮೂರನೆಯ ಆವೃತ್ತಿ ಬಂದಿತು. ಹಳೆಯದಕ್ಕೆ ಆಧಾರವಾಗಿದ್ದ ಪೈಥಾನ್ 2 ಎಂಬ ಗಣಕಭಾಷೆಗೆ 2020ರ ಜನವರಿ 1ರಂದು ಬೆಂಬಲ ನಿಂತಿತು. ಆದರೂ ಹಳೆಯದನ್ನೇ ನೆಚ್ಚಿಕೊಂಡವರಿಗಾಗಿ ಆರೈಕೆಗಾರರು 2021ರಲ್ಲಿಯೂ ಭದ್ರತೆಯ ಬಿರುಕುಗಳನ್ನು ಮುಚ್ಚಿದರು. ಹೊಸದನ್ನು ಕಟ್ಟುವುದಕ್ಕಿಂತ ಇದೇ ಹೆಚ್ಚಿನದೆಂದು ನನ್ನ ಮತ, ವಾದಿಸುವವರು ಬರಲಿ.

ಈ ವರ್ಷ ಓದು ಮುಗಿದರೆ ಮನೆಗೆ ಸಂಬಳ ತರಬೇಕಾದವನು ನಾನು. ರಾತ್ರಿಯ ಒಂದು ಗಂಟೆಯನ್ನಾದರೂ ಉಳಿಸಿಕೊಳ್ಳುವ ಆಸೆಯಿದೆ. ಮೊನ್ನೆ ಕೇಳಿದವರೊಬ್ಬರ ತೊಡಕು ಇನ್ನೂ ಬಿಡಿಸಿಲ್ಲ.