ಕೊಪ್ಪದ ಅಂಗಳದಲ್ಲೊಂದು ಹೊಗೆಬಂಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದೊಡನೆ ಅಡಕೆಯ ತೋಟ, ಬಿಡದೆ ಸುರಿಯುವ ಮಳೆ, ತುಂಗೆಯ ದಡದ ವಿದ್ಯಾಶಂಕರ ದೇಗುಲ ಕಣ್ಣಮುಂದೆ ನಿಲ್ಲುತ್ತವೆಯೇ ಹೊರತು ರೈಲುಗಾಡಿ ನಿಲ್ಲುವುದಿಲ್ಲ. ನಿಲ್ಲುವುದಾದರೂ ಹೇಗೆ? ಇಂದು ಈ ಮೂರರಲ್ಲಿ ಒಂದೂರಿಗೂ ಕಂಬಿಯ ಹಾದಿಯಿಲ್ಲ. ಆದರೆ ನರಸಿಂಹರಾಜಪುರಕ್ಕೆ ಒಮ್ಮೆ ಅದಿತ್ತು. ಎಡೆಹಳ್ಳಿಯಾಗಿದ್ದ ಆ ಊರು ಮೈಸೂರಿನ ಯುವರಾಜರ ಹೆಸರನ್ನು ಪಡೆದ ಕಾಲದ ಆಸುಪಾಸಿನಲ್ಲೇ, ತರೀಕೆರೆಯಿಂದ ಸುಮಾರು 27 ಮೈಲಿ ದೂರ ಕಾಡಿನ ನಡುವೆ ಪುಟ್ಟ ರೈಲೊಂದು ಬಂದಿತು. ಕಂಬಿಗಳ ನಡುವಣ ಅಗಲ ಬರಿಯ ಎರಡು ಅಡಿ! ಕೊಪ್ಪ, ಶೃಂಗೇರಿಗಳಿಗೆ ಹೋಗುವವರು ಅಲ್ಲಿ ಇಳಿದು ರಸ್ತೆಯನ್ನೇ ನಂಬಬೇಕಾಗಿತ್ತು.

ಕಳೆದ ಬೇಸಗೆಯಲ್ಲಿ ನರಸಿಂಹರಾಜಪುರಕ್ಕೆ ಹೋದಾಗ ಆ ರೈಲಿನ ಗುರುತನ್ನು ಹುಡುಕುವ ಹುಚ್ಚು ನನಗೆ ಹಿಡಿದಿತ್ತು. ಊರಂಚಿನಲ್ಲಿ ಕಂಡದ್ದು ಭದ್ರಾ ಜಲಾಶಯದ ಹಿನ್ನೀರು ಮಾತ್ರ. ಬರಿಗೈಯಲ್ಲಿ ಕೊಪ್ಪಕ್ಕೆ ಬಂದು, ಶೃಂಗೇರಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಗೆಳೆಯನೊಬ್ಬನ ಮನೆಗೆ ಹೋದೆ. ಹಲವು ವರ್ಷ ಇಂಗ್ಲೆಂಡಿನಲ್ಲಿದ್ದು ಮರಳಿದ ಎಂಜಿನಿಯರು ಅವನು. ನಾನು ಹುಡುಕುತ್ತಿದ್ದುದು ಅವನ ಅಂಗಳದಲ್ಲಿತ್ತು!

ಅಡಕೆ ಒಣಗಿಸುವ ಅಂಗಳದ ಸುತ್ತ 32 ಮಿಲಿಮೀಟರ್ ಅಗಲದ ಕಂಬಿ. ಅದರ ಮೇಲೆ ಮೊಳದುದ್ದವೂ ಇಲ್ಲದ ಹಸಿರು ಎಂಜಿನು. ಒಂದಡಿಗೆ 16 ಮಿಲಿಮೀಟರಿನ ಲೆಕ್ಕ. ಹಾಗಾಗಿ ಎರಡಡಿಯ ಹಾದಿಗೆ 32. ಇದು ನಮ್ಮ ರೈಲಿನ ಪ್ರತಿರೂಪವಲ್ಲ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಿರುಹಾದಿಯ ಎಂಜಿನುಗಳ ಮಾದರಿಯದು. ಅಲ್ಲಿನ ಫೆಸ್ಟಿನಿಯೋಗ್ ಹಾದಿಯ ಅಗಲ ಎರಡಡಿಗೆ ಅರ್ಧ ಅಂಗುಲ ಕಡಮೆ; 1836ರಲ್ಲಿ ತೆರೆದ ಆ ಹಾದಿಗೆ ಹಬೆಯ ಎಂಜಿನುಗಳು ಬಂದದ್ದು 1863ರಲ್ಲಿ. ಅದರ ನೆರೆಯ ಟ್ಯಾಲಿಲಿನ್ ಹಾದಿ ಮುಚ್ಚಿಹೋಗಲಿದ್ದಾಗ, 1951ರಲ್ಲಿ ಸ್ವಯಂಸೇವಕರೇ ಕೈಹಾಕಿ ಉಳಿಸಿಕೊಂಡರು. ಎರಡರಲ್ಲಿಯೂ ಇಂದಿಗೂ ಹಬೆಯ ಬಂಡಿ ಓಡುತ್ತದೆ. ಇದನ್ನು ಕೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಗೆಳೆಯ ತಾಮ್ರದ ಬಾಯ್ಲರಿಗೆ ಬಟ್ಟಿಯಿಳಿಸಿದ ನೀರು ತುಂಬಿದ. ಬಾವಿಯ ನೀರಾದರೆ ಒಳಗೆ ಸುಣ್ಣ ಕಟ್ಟುತ್ತದಂತೆ. ಪುಟ್ಟ ಕುಡಿಕೆಯೊಂದಕ್ಕೆ ಗಟ್ಟಿಯಾದ ಎಣ್ಣೆ ಹಾಕಿದ. ಹಬೆ ಅದರೊಳಗೆ ತಣಿದು ನೀರಾಗಿ ತಳಕ್ಕಿಳಿಯುತ್ತದೆ. ಮೇಲೆ ತೇಲುವ ಎಣ್ಣೆ ಅಷ್ಟಷ್ಟಾಗಿ ಸಿಲಿಂಡರಿಗೆ ಹೋಗುತ್ತದೆ. ಎಂತಹ ಉಪಾಯ! ಗ್ಯಾಸಿನ ಉರಿ ಹತ್ತಿಸಿದ ಕೆಲವು ನಿಮಿಷಗಳಲ್ಲಿ ರಕ್ಷಣಾ ಕವಾಟ ಬುಸುಗುಟ್ಟಿತು. ಬೆರಳಿನಿಂದ ಮೆಲ್ಲನೆ ನೂಕಿದಾಗ ಎಂಜಿನು ಹೊಗೆಕೊಳವೆಯಿಂದ ಬಿಸಿನೀರನ್ನು ಉಗುಳಿ, ಒಮ್ಮೆ ತಡವರಿಸಿ, ಹೊರಟೇಬಿಟ್ಟಿತು.

ಬಾಗಿಲಲ್ಲಿ ಗೆಳೆಯನ ತಾಯಿ ನಿಂತಿದ್ದರು, ಎಂಬತ್ತು ದಾಟಿದವರು. ಅವರ ತಂದೆ ಅಡಕೆಯ ಮೂಟೆಗಳನ್ನು ಎತ್ತಿನ ಗಾಡಿಯಲ್ಲಿ ನರಸಿಂಹರಾಜಪುರದ ರೈಲಿಗೆ ಒಯ್ಯುತ್ತಿದ್ದರಂತೆ.

"ನಮ್ಮ ರೈಲಿನ ಸದ್ದೂ ಹೀಗೇ ಇತ್ತೇನೋ?" ಎಂದು ಮಗನನ್ನು ಕೇಳಿದರು.

ಅವನು ಹೌದೆಂದುಬಿಡಬಹುದಿತ್ತು. "ಇಲ್ಲಮ್ಮ," ಎಂದ. ಎಂಜಿನನ್ನು ಹತ್ತೊಂಬತ್ತನೆಯ ಒಂದು ಪಾಲಿಗೆ ಇಳಿಸಿದರೆ ಬಾಯ್ಲರಿನ ಹೊರಮೈ 361ನೆಯ ಒಂದು ಪಾಲಾಗುತ್ತದೆ, ಒಳಗೆ ಹಿಡಿಯುವ ನೀರು 6,859ನೆಯ ಒಂದು ಪಾಲಾಗುತ್ತದೆ. ಇರುವಷ್ಟು ನೀರಿಗೆ ಕಾವು ಕಳೆದುಕೊಳ್ಳುವ ಮೈಯೇ ಹೆಚ್ಚು. ಆದ್ದರಿಂದ ಬೇಗ ತಣಿಯುತ್ತದೆ. ಎಂಜಿನನ್ನು ಕಿರಿದುಗೊಳಿಸಬಹುದು, ನೀರು-ಬೆಂಕಿಗಳ ಗುಣವನ್ನು ಕಿರಿದುಗೊಳಿಸಲಾಗದು. ಸದ್ದೂ ಅಷ್ಟೆ: ದೊಡ್ಡದರ ಎದೆಯಾಳದ ಏದುಸಿರು ಈ ಪುಟ್ಟ ಕೊಳವೆಯಲ್ಲಿ ಹುಟ್ಟದು.

ಈ ಲೆಕ್ಕ ಆಕೆಗೆ ಎಷ್ಟು ಹಿಡಿಸಿತೋ ಕಾಣೆ. "ಅದರ ಸಿಳ್ಳಿಗೆ ಗಾಡಿ ಎತ್ತು ಬೆದರ್ತಿದ್ವಂತೆ, ಮೇಷ್ಟ್ರೆ. ಅಪ್ಪ ನಮಗೆ ಹಾಗೇ ಕೂಗಿ ತೋರಿಸ್ತಿದ್ರು" ಎಂದು ನನ್ನತ್ತ ತಿರುಗಿದರು. ಆಮೇಲೆ ಸೆರಗಿನಿಂದ ಬಾಯನ್ನು ಅರೆ ಮುಚ್ಚಿ, ನಾಚುತ್ತಲೇ, ಅದನ್ನು ಕೂಗಿದರು. ಮೊದಲು ಸಣ್ಣಗೆ, ಬಳಿಕ ಉದ್ದಕ್ಕೆ, ಕೊನೆಯಲ್ಲಿ ತುಸು ಒಡೆದ ದನಿ. ಮಗ ಆ ಕೂಗನ್ನು ಹಿಂದೆಂದೂ ಕೇಳಿರಲಿಲ್ಲವೆಂಬುದು ಅವನ ಮುಖದಿಂದಲೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಗ್ಯಾಸು ಮುಗಿದು ಬಂಡಿ ತುಳಸಿಕಟ್ಟೆಯ ಬಳಿ ನಿಂತಿತು. ಓಡಿದ್ದು ಕಾಲುಗಂಟೆಯಿದ್ದೀತು.

"ಇನ್ನೊಂದು ಸಲ ಬಿಡು."

"ಬಾಯ್ಲರು ತಣಿಯಬೇಕಮ್ಮ. ಬಿಸಿಯಿರುವಾಗ ಮುಚ್ಚಳ ತೆಗೆಯುವ ಹಾಗಿಲ್ಲ."

"ತಣೀಲಿ ಬಿಡು, ನಂಗೇನವಸರ?" ಎಂದು ಆಕೆ ಜಗಲಿಯ ಮೇಲೆ ಕುಳಿತರು.

ಶೃಂಗೇರಿಯ ಬಸ್ಸು ಹೊರಡುವ ಹೊತ್ತಾಗಿತ್ತು. ನಾನೂ ಚೀಲವನ್ನು ಕೆಳಗಿಟ್ಟು ಕುಳಿತೆ.