ಕಪ್ಪುಕುಳಿ ಮತ್ತು ಬಿಸಿ ಹಿಟ್ಟು

ನಮ್ಮೂರು ಚಿಗಟೇರಿಯಲ್ಲಿ ನಾರದಮುನಿಯ ಗುಡಿಯಿದೆ. ಮೂರು ಲೋಕದ ಸುದ್ದಿ ಹೊತ್ತು ತಿರುಗುವವನೇ ಇಲ್ಲಿ ನೆಲೆ ನಿಂತ ಮೇಲೆ ಊರಿಗೆ ಸುದ್ದಿಯ ಬರ ಎಲ್ಲಿಯದು? ಮಳೆಗೆ ಬರವುಂಟು, ಸುದ್ದಿಗಿಲ್ಲ. ಆದರೆ ನಾನು ಈಗ ಹೇಳಹೊರಟ ಸುದ್ದಿ ನಾರದರ ಕಾಲ್ನಡಿಗೆಗಿಂತ ನಿಧಾನವಾಗಿ ಬಂದದ್ದು. ಅದು ಸುಮಾರು 27 ಸಾವಿರ ವರ್ಷಗಳ ಹಿಂದೆ ಹೊರಟು, 2017ರಲ್ಲಿ ಭೂಮಿಯ ದೂರದರ್ಶಕಗಳಿಗೆ ತಲುಪಿ, 2022ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಚಿತ್ರವಾಗಿ ಅಚ್ಚಾಯಿತು. ನಮ್ಮ ಆಕಾಶಗಂಗೆಯ ನಟ್ಟನಡುವೆ ಇರುವ ಕಪ್ಪುಕುಳಿಯ ಚಿತ್ರ ಅದು. ಕಪ್ಪು ನಡು, ಸುತ್ತ ಕೆಂಡದ ಬಣ್ಣದ ಉಂಗುರ.

ನಾನು ಬಿ.ಎ., ಬಿ.ಇಡ್. ಮಾಡಿದವಳು. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ವಿಷಯಗಳು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ್ದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಇದ್ದಲ್ಲೇ ಇದ್ದುಕೊಂಡು ಮೂರು ಕೇಂದ್ರಗಳನ್ನು ಸುತ್ತಿದ ತಾಲ್ಲೂಕು ನಮ್ಮದು! ಆದರೆ ಆಕಾಶದ ಕೇಂದ್ರಗಳ ವಿಚಾರ ನನಗೇನು ಗೊತ್ತು? ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಹಳ್ಳಿಶಾಲೆ ನನ್ನದು. ಆ ಜೂನ್ ತಿಂಗಳಲ್ಲಿ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿ, ಬದಲಿಯವರು ಬರುವ ತನಕ ಒಂಬತ್ತನೆಯ ತರಗತಿಯ ಪೀರಿಯಡ್ಡು ನನ್ನ ಕೊರಳಿಗೆ ಬಿತ್ತು.

ಮಕ್ಕಳಿಗೆ ಹೊಸದೇನಾದರೂ ತೋರಿಸೋಣವೆಂದು ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದೆ. "ಕಪ್ಪುಕುಳಿ ಎಂದರೆ ಎಲ್ಲವನ್ನೂ ನುಂಗುವ ಬಾಯಿ. ಬೆಳಕು ಕೂಡ ಅದರಿಂದ ಹೊರಗೆ ಬರಲಾರದು" ಎಂದು ರಾಕ್ಷಸನ ಕಥೆಯ ಹಾಗೆ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಟೀಚರ್, ಬೆಳಕು ಹೊರಗ ಬರಂಗಿಲ್ಲ ಅಂದ್ರಿ. ಹಂಗಾದ್ರ ಇಲ್ಲಿ ಹೊಳೆಯಾದು ಏನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ನಾಲಿಗೆಗೆ ಆ ಮಾತು ರೂಢಿಯಿಲ್ಲ ನೋಡಿ. "ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದೆ. ಹುಡುಗರು ನಕ್ಕರು. ಆಕೆ ಕೂತಳು.

ಆ ರಾತ್ರಿ ಕರೆಂಟು ಹೋಗಿತ್ತು. ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಿದೆ. ಮೋಡದ ಸಂದಿನಲ್ಲಿ ದಕ್ಷಿಣದ ಕಡೆ ಆಕಾಶಗಂಗೆ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ಅಲ್ಲೇ ಧನು ರಾಶಿಯಲ್ಲಿದೆಯಂತೆ ಅದರ ಕೇಂದ್ರ. ಹಿಂದೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಕತ್ತಲಲ್ಲಿ ಹೀಗೇ ಕತ್ತೆತ್ತಿ ಕೂತದ್ದು ನೆನಪಾಯಿತು. ಆ ತಾರಾಲಯದ ಸ್ಥಾಪಕ ನಿರ್ದೇಶಕರು ಸಿ. ವಿ. ವಿಶ್ವೇಶ್ವರ, ಬೆಂಗಳೂರಿನಲ್ಲೇ ಹುಟ್ಟಿದವರು. ಕಪ್ಪುಕುಳಿ ನಿಜವಾಗಿ ಇದೆಯೋ ಇಲ್ಲವೋ ಎಂದು ಪಂಡಿತರೇ ಅನುಮಾನಿಸುತ್ತಿದ್ದ ಕಾಲದಲ್ಲಿ, 1970ರಲ್ಲಿ, ಅದನ್ನು ಅಲುಗಿಸಿದರೆ ಬಾರಿಸಿದ ಗಂಟೆಯ ಹಾಗೆ ಕಂಪಿಸಿ ಬೇಗನೆ ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದ ಕಂಪನವನ್ನು ಹಿಡಿದವು. ಅವು ಒಂದೊಂದೂ ಸುಮಾರು ಮೂವತ್ತು ಸೂರ್ಯರ ತೂಕದವು, ಗೆಲಾಕ್ಸಿಗಳ ನಡುವಿನವಕ್ಕೆ ಹೋಲಿಸಿದರೆ ಮರಿಗಳು. ಆದರೆ ಅದರಲ್ಲಿ ಅದೇ ಗಂಟೆಯ ನಾದವಿತ್ತು. ಮರುವರ್ಷ ಫೆಬ್ರುವರಿಯಲ್ಲಿ ಸುದ್ದಿ ಪ್ರಕಟವಾಯಿತು. ವಿಶ್ವೇಶ್ವರ ಅವರು ಅದನ್ನು ಕೇಳಿ, 2017ರ ಜನವರಿಯಲ್ಲಿ ತೀರಿಕೊಂಡರು. ಒಂದು ಉತ್ತರಕ್ಕಾಗಿ ನಲವತ್ತೈದು ವರ್ಷ! ನನಗೋ, ಒಂದು ಪ್ರಶ್ನೆಯನ್ನು ಒಂದು ರಾತ್ರಿ ಇಟ್ಟುಕೊಳ್ಳುವ ತಾಳ್ಮೆಯೂ ಇರಲಿಲ್ಲ.

ಮಾರನೆಯ ವಾರದಿಂದ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮೊದಲು ಗೊತ್ತಾದದ್ದು, ನಾನು ಹೇಳಿದ ರಾಕ್ಷಸನ ಕಥೆಯೇ ಸುಳ್ಳೆಂದು. ಕಪ್ಪುಕುಳಿ ದೂರದಲ್ಲಿರುವುದನ್ನೆಲ್ಲ ಎಳೆದು ನುಂಗುವುದಿಲ್ಲ. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ತನ್ನ ದಾರಿಯಲ್ಲೇ ಸುತ್ತುತ್ತಿರುತ್ತದೆ. ತೀರಾ ಹತ್ತಿರ ಹೋದದ್ದಕ್ಕೆ ಮಾತ್ರ ಕಷ್ಟ. ಹಾಗೆ ಹತ್ತಿರ ಬಂದ ಅನಿಲ ಮತ್ತು ದೂಳು ನೆಟ್ಟಗೆ ಒಳಗೆ ಬೀಳದೆ ತಟ್ಟೆಯಂತೆ ಹರಡಿ ಸುತ್ತುತ್ತವೆ. ಒಳಗಿನ ಸುತ್ತಿಗೆ ವೇಗ ಹೆಚ್ಚು, ಹೊರಗಿನದಕ್ಕೆ ಕಡಿಮೆ. ಒಂದಕ್ಕೊಂದು ಉಜ್ಜಿ ಕಾದು ಬೆಳಗುತ್ತವೆ. ಸೂರ್ಯನೊಳಗೆ ಜಲಜನಕ ಉರಿದಾಗ ಅದರ ತೂಕದಲ್ಲಿ ನೂರಕ್ಕೆ ಒಂದು ಪಾಲೂ ಶಕ್ತಿಯಾಗುವುದಿಲ್ಲ. ಇಲ್ಲಿ ಸುಮಾರು ಹತ್ತು ಪಾಲು ಆಗುತ್ತದಂತೆ. ಹೊಳೆಯುವುದು ಕುಳಿಯಲ್ಲ, ಬೀಳುವ ಮುನ್ನ ಅದರ ಅಂಚಿನಲ್ಲಿ ಸುತ್ತುವುದು.

ಹೀಗೆ ನಡುಭಾಗ ಧಗಧಗಿಸುವ ಗೆಲಾಕ್ಸಿಗಳಿಗೆ ಸಕ್ರಿಯ ಗೆಲಾಕ್ಸಿಗಳೆಂದು ಹೆಸರು. ಅಂಥ ಕೆಲವನ್ನು ಕಾರ್ಲ್ ಸೀಫರ್ಟ್ 1943ರಲ್ಲೇ ಗುರುತಿಸಿದ್ದರು. ನಕ್ಷತ್ರದಂತೆ ಕಾಣುತ್ತಿದ್ದ ಒಂದು ಚುಕ್ಕೆ ಇನ್ನೂರು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯದೆಂದು 1963ರಲ್ಲಿ ಮಾರ್ಟನ್ ಶ್ಮಿಟ್ ಕಂಡುಕೊಂಡರು. ಅದು ಕ್ವೇಸಾರ್. ಅಷ್ಟು ದೂರದಿಂದಲೂ ಕಾಣಬೇಕಾದರೆ ಅದು ಇಡೀ ಗೆಲಾಕ್ಸಿಯ ನಕ್ಷತ್ರಗಳನ್ನೆಲ್ಲ ಮೀರಿ ಬೆಳಗಬೇಕು. 2019ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಚಿತ್ರ ಬಿಡುಗಡೆಯಾದ ಎಂ87ರ ಕಪ್ಪುಕುಳಿ 650 ಕೋಟಿ ಸೂರ್ಯರಷ್ಟು ತೂಕದ್ದು; ಒಳಗೆ ಬೀಳದೆ ಉಳಿದದ್ದನ್ನು ಸಾವಿರಾರು ಜ್ಯೋತಿರ್ವರ್ಷ ದೂರಕ್ಕೆ ಕಾರಂಜಿಯಂತೆ ಚಿಮ್ಮಿಸುತ್ತಿದೆ. ನಮ್ಮ ಆಕಾಶಗಂಗೆಯದು 40 ಲಕ್ಷ ಸೂರ್ಯರಷ್ಟು ತೂಕದ್ದಾದರೂ ಸದ್ದಿಲ್ಲದೆ ಕೂತಿದೆ. ಅದಕ್ಕೆ ಬೀಳುವ ಮೇವು ಬಹಳ ಕಡಿಮೆ. ಚಿತ್ರ ಬರುವುದಕ್ಕೆ ಎಷ್ಟೋ ಮೊದಲೇ ಅದನ್ನು ಪತ್ತೆ ಮಾಡಿದ್ದು ಹೇಗೆ ಗೊತ್ತೇ? ಅದರ ಸುತ್ತಲಿನ ನಕ್ಷತ್ರಗಳ ನಡೆ ನೋಡಿ. ಒಂದು ನಕ್ಷತ್ರ ಹದಿನಾರು ವರ್ಷಕ್ಕೊಮ್ಮೆ ಕಾಣದ ಯಾವುದೋ ಭಾರವನ್ನು ಸುತ್ತಿ ಬರುತ್ತದೆ. ಅದನ್ನು ವರ್ಷಗಟ್ಟಲೆ ಕಾದು ನೋಡಿದ ರೈನ್‌ಹಾರ್ಡ್ ಗೆನ್ಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

ಉತ್ತರವೇನೋ ಸಿಕ್ಕಿತು. ಆದರೆ ತರಗತಿಯಲ್ಲಿ "ಅಂದು ನಾನು ತಪ್ಪಿದೆ" ಎನ್ನಲು ಬಾಯಿ ಬರಲಿಲ್ಲ. ಸಂದರ್ಭ ಬಂದಾಗ ಹೇಳೋಣವೆಂದು ದೂಡುತ್ತಾ ಹೋದೆ. ಹುಡುಗಿ ಮತ್ತೆ ಕೈಯೆತ್ತಲಿಲ್ಲ. ಓದಿನಲ್ಲಿ ಮಂಕಾಗಿದ್ದಾಳೆ ಎಂದುಕೊಂಡೆ. ದೀಪಾವಳಿ ಕಳೆದ ಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲುಸಾಲು ಗೈರುಹಾಜರಿ.

ಒಂದು ಸಂಜೆ ಮನೆ ಹುಡುಕಿಕೊಂಡು ಹೋದೆ. ಅಜ್ಜಿಯೊಬ್ಬಳೇ ಇದ್ದಳು.

"ಬರ್ರಿ ಅಕ್ಕೋರ. ಎಲ್ಲಾರೂ ಕಾಫಿ ಸೀಮಿಗೆ ಗುಳೆ ಹೋಗ್ಯಾರ. ಸಣ್ಣ ಹುಡುಗನ್ನ ನೋಡ್ಕಳಾಕ ಬೇಕಲ್ಲ, ಅಕೀನ್ನೂ ಕರ್ಕಂಡು ಹೋದ್ರು."

ಮಾತಾಡುತ್ತಾ ತಿಳಿಯಿತು: ನೀರು ತರುವುದು, ರೊಟ್ಟಿ ಬಡಿಯುವುದು, ಗಿರಣಿಗೆ ಹೋಗುವುದು, ತಮ್ಮನನ್ನು ಎತ್ತಿಕೊಳ್ಳುವುದು, ಎಲ್ಲ ಅವಳದೇ. ನಾನು ಮಂಕು ಎಂದುಕೊಂಡದ್ದು ದಣಿವು. ಸುಮ್ಮನಿದ್ದವಳ ಸುತ್ತ ಏನೇನು ತಿರುಗುತ್ತಿತ್ತು ಎಂದು ನಾನು ಒಂದು ದಿನವೂ ನೋಡಿರಲಿಲ್ಲ.

ಯುಗಾದಿಯ ಹೊತ್ತಿಗೆ ಅವರು ಮರಳಿದರು. ಪರೀಕ್ಷೆಗೆ ಮುಂಚೆ ಬಂದವಳನ್ನು ಇಡೀ ತರಗತಿಯ ಎದುರು ನಿಲ್ಲಿಸಿಕೊಂಡು ಹೇಳಿದೆ: "ಜೂನ್‌ನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ಅವತ್ತು ನನಗೆ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದೆ. ಈಗ ಹೇಳ್ತೀನಿ, ಕೇಳವ್ವ." ಉಜ್ಜಿ ಕಾಯುವ ಅನಿಲದ ವಿಚಾರ ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಅರಳಿತು.

"ಗಿರಣಿಯಿಂದ ತಂದ ಹಿಟ್ಟು ಬಿಸಿ ಇರ್ತೈತಲ್ರಿ ಟೀಚರ್, ಹಂಗಾ?"

ಹಂಗೇ ಎಂದೆ. ಅಷ್ಟು ಓದಿದ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ. ತಲೆಯ ಮೇಲೆ ಬಿಸಿ ಹಿಟ್ಟಿನ ಡಬ್ಬಿ ಹೊತ್ತು ನಡೆದವಳಿಗೆ ಹೊಳೆಯಿತು. ಅವಳು ಅಲ್ಲಿಗೇ ಬಿಡಲಿಲ್ಲ: "ಮತ್ತ ಅದು ಅಷ್ಟು ದೊಡ್ಡದು ಹೆಂಗಾತ್ರಿ?"

"ನನಗೆ ಗೊತ್ತಿಲ್ಲ" ಎಂದೆ. ಹುಡುಗರು ಈ ಸಲ ನಗಲಿಲ್ಲ. ವಿಶ್ವ ಹುಟ್ಟಿ ನೂರು ಕೋಟಿ ವರ್ಷವಾಗುವ ಮೊದಲೇ ಕೋಟ್ಯಂತರ ಸೂರ್ಯರ ತೂಕದ ಕಪ್ಪುಕುಳಿಗಳು ಹೇಗೆ ಬೆಳೆದವೆಂದು ದೊಡ್ಡ ವಿಜ್ಞಾನಿಗಳೂ ಇನ್ನೂ ಹುಡುಕುತ್ತಿದ್ದಾರೆ ಎಂಬುದು ಆಮೇಲೆ ಓದಿ ತಿಳಿದ ಸಂಗತಿ. ಅದನ್ನೂ ಅವಳಿಗೆ ಹೇಳಿದೆ.

ಮರುವರ್ಷ ಗುಳೆ ಹೊರಡುವ ಮುನ್ನ ಅವಳ ಅಪ್ಪ ಅವ್ವನ ಹತ್ತಿರ ಮೂರು ಸಲ ಹೋಗಿ ಕೂತೆ. ಹತ್ತನೆಯ ತರಗತಿ, ಅಜ್ಜಿಯ ಬಳಿಯಾದರೂ ಬಿಡಿ ಎಂದೆ. ಮೂರನೆಯ ಸಲ ಒಪ್ಪಿದರು. ನನ್ನ ಪಾಠದ ಟಿಪ್ಪಣಿ ಪುಸ್ತಕದಲ್ಲಿ ಅವಳ ಎರಡನೆಯ ಪ್ರಶ್ನೆಯನ್ನು ಬರೆದಿಟ್ಟು, ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.