ಕುದುರೆ ಎಳೆದ ರೈಲು

ಮಕ್ಕಳೇ, ರೈಲು ಎಂದರೆ ನಿಮಗೆ ಮೊದಲು ಎಂಜಿನ್ ನೆನಪಾಗುತ್ತದೆ, ಅಲ್ಲವೇ? ಇಂಗ್ಲೆಂಡಿನಲ್ಲಿ ಕುದುರೆಗಳೇ ಎಳೆಯುತ್ತಿದ್ದ ರೈಲೊಂದಿತ್ತು. ಅದರ ಹೆಸರು ಸರ್ರೆ ಐರನ್ ರೈಲ್ವೆ.

1801ರಲ್ಲಿ ಅಲ್ಲಿನ ಸಂಸತ್ತು ಇದಕ್ಕಾಗಿ ಕಾಯಿದೆ ಮಾಡಿತು. 1803ರಲ್ಲಿ ಲಂಡನ್ ಬಳಿಯ ವಾಂಡ್ಸ್‌ವರ್ತ್‌ನಿಂದ ಕ್ರಾಯ್ಡನ್‌ವರೆಗೆ, ಸುಮಾರು 9 ಮೈಲಿ ಹಳಿ ಸಿದ್ಧವಾಯಿತು. ಕಂಪನಿ ತಾನು ಗಾಡಿ ಓಡಿಸುತ್ತಿರಲಿಲ್ಲ. ಸುಂಕ ಕೊಟ್ಟರೆ ಯಾರು ಬೇಕಾದರೂ ತಮ್ಮ ಕುದುರೆ, ತಮ್ಮ ಬಂಡಿ ತರಬಹುದಿತ್ತು. ನಮ್ಮ ಟೋಲ್ ರಸ್ತೆಯ ಹಾಗೆ. ಸಾಗಿಸುತ್ತಿದ್ದದ್ದು ಸರಕು ಮಾತ್ರ.

ಈಗಿನ ರೈಲಿನಲ್ಲಿ ಚಕ್ರಕ್ಕೆ ಅಂಚು ಇರುತ್ತದೆ. ಅಲ್ಲಿ ಹಳಿಗೇ ಅಂಚು ಇತ್ತು. ಹಳಿಯನ್ನು ಎರಡೂ ಬದಿಯಲ್ಲಿ ಬಿಡಿ ಬಿಡಿ ಕಲ್ಲುಗಳ ಮೇಲೆ ಕೂರಿಸಿದ್ದರು. ಅಡ್ಡ ದಿಮ್ಮಿ ಇಲ್ಲದ್ದರಿಂದ ಕುದುರೆ ಎಡವದೆ ನಡುವೆ ನಡೆಯುತ್ತಿತ್ತು.

1805ರಲ್ಲಿ ಇದೇ ಹಳಿಗೆ ಸೇರಿಸಿ ಮೆರ್ಸ್‌ಟಮ್ ಕಡೆಗೆ ಹಾಕಿದ ಹೊಸ ದಾರಿಯಲ್ಲಿ ಒಂದು ಪರೀಕ್ಷೆ ನಡೆಯಿತು. ಒಂದೇ ಕುದುರೆ ಕಲ್ಲು ತುಂಬಿದ 12 ಬಂಡಿಗಳನ್ನು 6 ಮೈಲಿ ಎಳೆಯಿತು. ಹಿಡಿದ ಸಮಯ 1 ಗಂಟೆ 41 ನಿಮಿಷ! ಇಳಿಜಾರು ನೆರವಾಯಿತು, ನಿಜ. ಆದರೂ ನಮ್ಮ ಜಟಕಾ ಕುದುರೆಗಳನ್ನು ಕಂಡ ನನಗೆ ಅದು ದೊಡ್ಡ ಸಾಹಸವೇ.

ಮುಂದೆ ಉಗಿ ಎಂಜಿನ್ ಬಂತು. ಬೀಡುಕಬ್ಬಿಣದ ಆ ಹಳಿಗೆ ಎಂಜಿನ್ನಿನ ಭಾರ ಹೊರುವ ಶಕ್ತಿ ಇರಲಿಲ್ಲ. 1839ರಲ್ಲಿ ಕ್ರಾಯ್ಡನ್ನಿಗೆ ಉಗಿ ರೈಲೇ ಬಂದಿತು. 1846ರಲ್ಲಿ ಕುದುರೆ ರೈಲು ನಿಂತಿತು. ಅದನ್ನು ಮುಚ್ಚುವುದಕ್ಕೂ ಸಂಸತ್ತಿನ ಕಾಯಿದೆ ಬೇಕಾಯಿತು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಡ್ಜರ್ ಬರೆದ ನನಗೆ ಇದು ಬಹಳ ಹಿಡಿಸಿತು. ಖಾತೆ ತೆರೆಯಲು ಅರ್ಜಿ ಬೇಕಾದಂತೆ ಮುಚ್ಚಲೂ ಅರ್ಜಿ ಬೇಕು!

ದಾರಿಯ ಒಂದು ಭಾಗದಲ್ಲಿ ಮುಂದೆ ಉಗಿ ರೈಲು ಓಡಿತು. 2000ನೇ ಇಸವಿಯಿಂದ ಅಲ್ಲಿ ಟ್ರಾಮ್ ಓಡುತ್ತಿದೆ. ಅದರಲ್ಲಿ ಕುಳಿತವರಿಗೆ ಕೆಳಗೆ ಕುದುರೆ ನಡೆದ ಗುರುತು ಕಾಣದು. ಆದರೆ ಯಾವಾಗ ಶುರುವಾಯಿತು, ಎಷ್ಟು ಭಾರ ಎಳೆಯಿತು, ಯಾವಾಗ ನಿಂತಿತು ಎಂದು ನಾವು ಹೇಳಬಲ್ಲೆವು. ಏಕೆ? ಯಾರೋ ಬರೆದಿಟ್ಟರು, ಮತ್ಯಾರೋ ಅದನ್ನು ರದ್ದಿಗೆ ಹಾಕದೆ ಕಾಪಾಡಿದರು.

ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಪಾಸ್‌ಬುಕ್, ಕಂದಾಯದ ರಸೀದಿ, ಪತ್ರಗಳು ಇರಬಹುದು. ಈ ಭಾನುವಾರ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಒಂದೊಂದನ್ನೂ ಕೇಳಿ: ಇದು ಯಾರದು, ಯಾವ ವರ್ಷದ್ದು? ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಖು ಹಾಕುವುದನ್ನು ಮಾತ್ರ ಮರೆಯಬೇಡಿ.